ತೋರಿಸಿ ನೋಡೋಣ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಒಂಬತ್ತರ ಪೋಕರ್ ಆಟ. ಕಾಫಿ ಒಂದು ಗುಟುಕು ಒಳಗೆ ಹೋಗಿಲ್ಲ, ಆಗಲೇ ಫ್ಲೋರ್ ಕರೆಯಬೇಕಾಯಿತು. ಯಾವನೋ ದೊಡ್ಡ ಟೋಪಿಯವನು. ಮೊದಲು ಒಂದಿಷ್ಟು ದುಡ್ಡಿನ ಚಿಪ್ಸ್ ಮುಂದಕ್ಕೆ ತಳ್ಳಿದ, ಎದುರಿನವರ ಮುಖ ಓದಿದ, ಆಮೇಲೆ ಕೈ ಹಿಂದೆ ತಂದು ಇನ್ನೊಂದಿಷ್ಟು ತಳ್ಳಿದ. ಎರಡು ಕಂತಿನಲ್ಲಿ ಪಣ ಏರಿಸುವ ಹಾಗಿಲ್ಲ. ಏರಿಸುವುದಾದರೆ ಬಾಯಿಬಿಟ್ಟು ಹೇಳು, ಇಲ್ಲವೇ ಒಂದೇ ಸಲಕ್ಕೆ ತಳ್ಳು. ಇಷ್ಟೂ ಗೊತ್ತಿಲ್ಲದೆ ವೇಗಸ್‌ಗೆ ಯಾಕೆ ಬರುತ್ತಾರೋ.

ಟೆಸ್ಫಾಯೆ ಬಂದ. ಹಗಲು ಪಾಳಿಯ ಫ್ಲೋರ್ ಅವನೇ. ಮೇಜಿನ ಜಗಳಕ್ಕೆಲ್ಲ ಅವನ ಮಾತೇ ಕೊನೆ. "ಬೆಳಿಗ್ಗೆ ಬೆಳಿಗ್ಗೆನೇ ಶುರುನಾ ವರ್ನಾ ಅವ್ರೇ?" ಅಂದ. ತೀರ್ಪು ನನ್ನ ಕಡೆಗೇ ಕೊಟ್ಟ. ಕೊಡದೆ ಏನು ಮಾಡ್ತಾನೆ.

"ಶೆರೀಫಮ್ಮ ಕೂತಿರೋ ಮೇಜಲ್ಲಿ ಕೆಮ್ಮೋಕೂ ಪರ್ಮಿಶನ್ ಬೇಕು ಕಣಯ್ಯಾ" ಅಂತ ಟೋಪಿಯವನಿಗೆ ಹೇಳಿದ್ದು ಪ್ರುಯಿಟ್. ಶೆರೀಫಮ್ಮ ಅಂದರೆ ನಾನು, ಮೇಜಿನ ಪೊಲೀಸು. ಓರ್ವಿಲ್ ಪ್ರುಯಿಟ್. ಹೋಟೆಲುಗಳ ಲಿಫ್ಟ್ ರಿಪೇರಿ ಮಾಡಿ ರಿಟೈರ್ ಆದವನು. ನನ್ನ ಎದುರು ಕುರ್ಚಿ, ನನ್ನ ತಲೆನೋವು. ಗೆದ್ದರೆ ದುಡ್ಡು ಎಳೆದುಕೊಂಡು ಸುಮ್ಮನಿರಬೇಕಲ್ಲ? ಇಲ್ಲ. ಸೋತವರು ಎಲೆ ಮುಚ್ಚಿ ತಳ್ಳುವ ಹೊತ್ತಿಗೆ ಸರಿಯಾಗಿ ಬಾಯಿ ತೆರೀತಾನೆ — "ತೋರಿಸಿ ನೋಡೋಣ." ಕೊನೆಯವರೆಗೂ ದುಡ್ಡು ಕಟ್ಟಿ ಆಡಿದವರ ಎಲೆ ಕೇಳಿ ನೋಡುವ ಹಕ್ಕು ನಿಯಮದಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಕಳ್ಳರನ್ನು ಹಿಡಿಯೋಕೆ ಇರೋದು. ಮರ್ಯಾದಸ್ಥರು ಕೇಳಲ್ಲ. ಸ್ನಾನದ ಮನೆಯ ಬಾಗಿಲು ತೆಗೆದು ಇಣುಕಿದ ಹಾಗೆ ಅದು.

ಮನೆಗೆ ಬಂದರೆ ಮೇವಿಸ್ ಇಲ್ಲ. ಪಕ್ಕದ ಖಾಲಿ ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಕೂತು, ಯಾರೋ ಬಿಟ್ಟುಹೋದ ಕುಂಡಕ್ಕೆ ನೀರು ಹಾಕುತ್ತಿದ್ದಳು. ನನ್ನ ತಂಗಿ. ಗಂಡ ಹೋದ ಮೇಲೆ ನೆಬ್ರಾಸ್ಕಾದ ಮನೆ ಮಾರಿ ಬಂದವಳು. ತಿಂಗಳ ಕೊನೆಗೆ ಬಸ್ಸು ಹತ್ತಿ ಒಮಾಹಾಕ್ಕೆ, ಮಗನ ಮನೆಯ ನೆಲಮಾಳಿಗೆಗೆ. "ಕಿಟಕಿ ಇದೆಯಂತೆ ಅಕ್ಕಾ, ಚಿಕ್ಕದು" ಅಂತಾಳೆ. ನಂಗೆ ಹೊಟ್ಟೆ ಉರಿಯುತ್ತೆ.

ಮಾರ್ಚ್ 6

ಮೇವಿಸ್‌ಗೆ ಆಟ ಕಲಿಸುತ್ತಿದ್ದೇನೆ. ಅಡುಗೆಮನೆ ಮೇಜು, ಚಿಪ್ಸ್ ಬದಲು ಒಣ ಬೀನ್ಸ್. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು; ಏಳರಲ್ಲಿ ಒಳ್ಳೆಯ ಐದು ಕೂಡಿದರೆ ಅದೇ ನಿನ್ನ ಕೈ. ಬೇಗ ಹಿಡಿದಳು. ಆಟ ಯಾರು ಬೇಕಾದರೂ ಕಲಿತಾರೆ. ಕಲಿಸಬೇಕಾದ್ದು ನಡತೆ.

ಎಲೆ ಎತ್ತಿ ಕಣ್ಣ ಹತ್ತಿರ ತರಬೇಡ — ಪಕ್ಕದವರಿಗೆ ಕಾಣುತ್ತೆ. ಮೂಲೆ ಮಾತ್ರ ಬಗ್ಗಿಸಿ ನೋಡು. ಗೆದ್ದರೆ ತಕ್ಷಣ ತೋರಿಸು. ಗೆದ್ದ ಕೈ ಇಟ್ಟುಕೊಂಡು ಎದುರಿನವರನ್ನು ಸತಾಯಿಸುವಂಥ ನೀಚ ಕೆಲಸ ಇನ್ನೊಂದಿಲ್ಲ. ಸೋತರೆ — ಇದನ್ನ ಎಷ್ಟು ಸಲ ಹೇಳಿಕೊಟ್ಟೆನೋ — ಗೊಣಗಬೇಡ, ಅಳಬೇಡ, "ನನ್ ಹತ್ರ ಏನಿತ್ತು ಗೊತ್ತಾ" ಅಂತ ಶುರು ಹಚ್ಚಬೇಡ. ಚೆನ್ನಾಗಿ ಆಡಿದ್ರಿ ಅನ್ನು, ಎಲೆ ಮುಚ್ಚಿ ಎಲೆ ಹಂಚುವ ಡೀಲರ್ ಕಡೆ ತಳ್ಳು, ಮುಗೀತು.

"ಮೇಜಲ್ಲಿ ನಾನು ನಿನ್ನ ಅಕ್ಕ ಅಲ್ಲ" ಅಂದೆ. "ನನ್ನನ್ನ ಏನೂ ಕೇಳಬಾರದು. ಒಂದು ಕೈಗೆ ಒಬ್ಬರೇ ಆಟಗಾರರು."

"ನೀನು ಮನೇಲೂ ಅಕ್ಕ ಅಲ್ಲ, ಹೆಡ್ ಮಾಸ್ಟ್ರು" ಅಂದಳು.

ಸಂಜೆ ಕ್ಯಾಸಿನೋದ ಆಟದ ರೂಮು ತೋರಿಸಲು ಕರೆದುಕೊಂಡು ಹೋದೆ. ಗೋಡೆಯ ಮೇಲೆ ದೀಪದ ಬೋರ್ಡು ನೋಡಿ, "ಅದೇನಕ್ಕಾ ಅಷ್ಟು ದೊಡ್ಡ ನಂಬರು?" ಅಂದಳು. ಬಾಯಿ ಮುಚ್ಚಿಸಿದೆ. ನಮ್ಮ ಬೆಳಗಿನ ಮೇಜಿನಲ್ಲಿ ಅದರ ಹೆಸರು ಎತ್ತುವವರಿಲ್ಲ. ಎತ್ತಿದರೆ ಬರೋ ಅದೃಷ್ಟ ಬೇರೆ ಮೇಜಿಗೆ ಹೋಗುತ್ತೆ. ಮನೇಲೂ ಹೇಳಲಿಲ್ಲ. ಕೇಳಿದಳು, ಮಾತು ತಿರುಗಿಸಿದೆ.

ಇಲ್ಲಿ ಬರೆಯಬಹುದು, ಕಾಗದಕ್ಕೆ ದೋಷವಿಲ್ಲ. ನಾಲ್ಕು ಒಂದೇ ಥರದ ಎಲೆ ಹಿಡಿದವರು ಸೋಲಬೇಕು. ಅಂಥ ಕೈ ಸೋಲೋದು ಎಲ್ಲೋ ಅಪರೂಪ. ಸೋತರೆ ಜ್ಯಾಕ್‌ಪಾಟು, ಬೋರ್ಡಿನ ಮೇಲಿನ ಅಷ್ಟೂ ದುಡ್ಡು. ಅರ್ಧ ಸೋತವರಿಗೆ, ಉಳಿದರ್ಧದಲ್ಲಿ ಗೆದ್ದವರಿಗೂ ಮೇಜಿನಲ್ಲಿದ್ದ ನಮಗೆಲ್ಲರಿಗೂ ಪಾಲು. ಎರಡೇ ಕಟ್ಟಳೆ. ಎರಡು ಕೈಗಳೂ ಜೀವ ಇರುವಾಗಲೇ, ಅಂದರೆ ಬಿಟ್ಟ ಎಲೆಗಳ ರಾಶಿಗೆ ಸೇರುವ ಮೊದಲೇ, ಮೇಜಿನ ಮೇಲೆ ತೆರೆದು ಬೀಳಬೇಕು. ಆಟ ನಡೆಯುವಾಗ ಯಾರೂ ಅದರ ಬಗ್ಗೆ ಉಸಿರೆತ್ತಬಾರದು. ಎತ್ತಿದರೆ ರದ್ದು, ಎಲ್ಲರಿಗೂ.

ಕಳೆದ ಬೇಸಿಗೆಯಿಂದ ಯಾರೂ ಹೊಡೆದಿಲ್ಲ. ಬೋರ್ಡು ಉಬ್ಬುತ್ತಾ ಇದೆ. ನೋಡಿದಾಗೆಲ್ಲ ಕಚಗುಳಿ ಆಗುತ್ತೆ.

ಮಾರ್ಚ್ 10, ಸೋಮವಾರ

ಮೇವಿಸ್ ಮೊದಲ ದಿನ. ನನ್ನ ಪಕ್ಕದ ಕುರ್ಚಿ. ಎಲೆ ಎತ್ತಿ ನೋಡುವ ಚಾಳಿ ಹಾಗೇ ಇದೆ, ನಾನು ತಲೆ ಆ ಕಡೆ ತಿರುಗಿಸಿ ತಿರುಗಿಸಿ ಕತ್ತು ಹಿಡಿದುಕೊಂಡಿದೆ.

ಆದರೆ ಏನು ನಗು ಇವತ್ತು. ಕೊನೆಗೆ ಅವಳೂ ಪ್ರುಯಿಟ್ಟೂ ಉಳಿದರು. ಪ್ರುಯಿಟ್ ಎರಡು ಜೋಡಿ ತೋರಿಸಿದ. ಇವಳು "ಚೆನ್ನಾಗಿ ಆಡಿದ್ರಿ" ಅಂತ ಪಾಠ ಒಪ್ಪಿಸಿ ಎಲೆ ಮುಚ್ಚಿ ತಳ್ಳಿದಳು. ಅವನಿಗೆ ತಡೆಯುತ್ತಾ? "ತೋರಿಸಿ ನೋಡೋಣ." ಡೀಲರ್ ಲಿಗಾಯಾ ತಿರುಗಿಸಿದರೆ — ಮೇಜಿನ ಮೂರೂ ಸೇರಿ ಐದೂ ಡೈಮಂಡು, ಎರಡು ಜೋಡಿಗಿಂತ ದೊಡ್ಡದು. ಪುಣ್ಯಾತ್ಗಿತ್ತಿಗೆ ತಾನು ಗೆದ್ದಿದ್ದೇ ಕಂಡಿರಲಿಲ್ಲ.

ಪ್ರುಯಿಟ್ ರೇಗಾಡಿದ. ಟೆಸ್ಫಾಯೆ ಬಂದು ಬಿಡಿಸಿ ಹೇಳಿದ. ಬೇರೆಯವರು ಯಾರಾದರೂ ಕೇಳಿದರೆ ಡೀಲರ್ ಆ ಎಲೆಗಳನ್ನು ಮೊದಲು ಸತ್ತ ಎಲೆಗಳ ರಾಶಿಗೆ ಮುಟ್ಟಿಸಿ, ಕೊಂದು, ಆಮೇಲೆ ತೋರಿಸಬೇಕು. ಆದರೆ ಗೆದ್ದವನೇ ಕೇಳಿದರೆ, ರಾಶಿಗೆ ಸೇರುವ ಮೊದಲು ಕೇಳಿದರೆ, ಆ ಕೈಗೆ ಜೀವ ಇರುತ್ತೆ. "ನೀವೇ ಕೇಳಿದ್ರಿ ಸ್ವಾಮಿ, ನೀವೇ ಬದುಕಿಸಿದ್ರಿ. ಪಾಟ್ ದುಡ್ಡೆಲ್ಲ ಆ ಅಮ್ಮಂದು."

ಮೇವಿಸ್ ಚಿಪ್ಸ್ ಎಳೆದುಕೊಳ್ಳುತ್ತಾ ಪ್ರುಯಿಟ್‌ಗೆ ಥ್ಯಾಂಕ್ಸ್ ಬೇರೆ ಹೇಳಿದಳು. ನಾನು ನಗುತ್ತಾ ಕಾರು ತಪ್ಪು ದಾರಿಗೆ ತಿರುಗಿಸಿಬಿಟ್ಟೆ.

ಮಾರ್ಚ್ 14 — ಮಧ್ಯಾಹ್ನ

ಪೆನ್ನಿನ ಮೊನೆ ಕಾಗದ ಹರೀತಿದೆ. ಸಿಟ್ಟಿಗೆ.

ಹುಸಿ ಆಡಿದೆ. ಕೈಯಲ್ಲಿ ಏನೂ ಇಲ್ಲ, ಮೂರೂ ಏಳೂ. ದೊಡ್ಡ ಮುಖ ಮಾಡಿ ಏರಿಸುತ್ತಾ ಹೋದೆ. ಪ್ರುಯಿಟ್ ಬಿಡಲಿಲ್ಲ, ಸೋತೆ. ಸೋಲಿಗೆ ಬೇಜಾರಿಲ್ಲ. ಎಲೆ ಮುಚ್ಚಿ ತಳ್ಳಿದೆ. "ತೋರಿಸಿ ನೋಡೋಣ ಶೆರೀಫಮ್ಮ" — ಇಡೀ ಮೇಜಿನ ಎದುರು. ಮೂರು, ಏಳು. "ಅಯ್ಯಯ್ಯೋ, ಇದನ್ನಿಟ್ಕೊಂಡಾ ಅಷ್ಟು ಗತ್ತು?" ಅಂತ ಅವನು. ಮೇವಿಸ್ ಕೂಡ ಕಿಸಕ್ಕಂದಳು, ಒಡಹುಟ್ಟಿದವಳು.

ಎದ್ದು ಸೀದಾ ಟೆಸ್ಫಾಯೆ ಹತ್ತಿರ ಹೋದೆ. "ರೂಲ್ ಪ್ರಕಾರ ಅವ್ರಿಗೆ ಹಕ್ಕಿದೆ ವರ್ನಾ ಅವ್ರೇ" ಅಂತ ರಾಗ ಎಳೆದ. ಹಕ್ಕಂತೆ. ಸಂಶಯ ಇದ್ದರೆ ಕೇಳಲಿ, ಚಪಲಕ್ಕೆ ಕೇಳೋದಾದರೆ ನಾವು ಬೆಳಗಿನವರೆಲ್ಲ ಬೇರೆ ಕ್ಯಾಸಿನೋ ನೋಡಿಕೊಳ್ತೀವಿ ಅಂದೆ. ಬೆಳಗಿನವರನ್ನು ನಾನು ಕೇಳಿರಲಿಲ್ಲ, ಅದು ಬೇರೆ ವಿಷಯ. ಟೆಸ್ಫಾಯೆ ನಿಟ್ಟುಸಿರು ಬಿಟ್ಟು ಪ್ರುಯಿಟ್‌ನನ್ನು ಕರೆದ. "ಇನ್ಮೇಲೆ ಸಂಶಯ ಇದ್ರೆ ಮಾತ್ರ ಕೇಳಿ ಸರ್. ಸುಮ್ನೆ ಕುತೂಹಲಕ್ಕೆ ಇನ್ನೊಂದ್ಸಲ ಕೇಳಿದ್ರೆ ಒಂದು ತಿಂಗಳು ಈ ರೂಮಿಗೆ ಕಾಲಿಡೋ ಹಾಗಿಲ್ಲ."

ಗೆದ್ದೆ. ಬಫೆಯಲ್ಲಿ ಎರಡು ತುಂಡು ಪೈ ತಿಂದೆ.

ಮಾರ್ಚ್ 15

ಪ್ರುಯಿಟ್ ಬಾಯಿಗೆ ಬೀಗ. ಗೆಲ್ತಾನೆ, ಸೋತವರ ಎಲೆ ರಾಶಿಗೆ ಹೋಗೋದನ್ನ ನಾಯಿ ಊಟದ ತಟ್ಟೆ ನೋಡಿದ ಹಾಗೆ ನೋಡ್ತಾನೆ, ಸುಮ್ಮನಾಗ್ತಾನೆ. ಮೇಜು ಎಷ್ಟು ಶಿಸ್ತು ಅಂದರೆ... ಸ್ವಲ್ಪ ಸಪ್ಪೆ.

ಮಾರ್ಚ್ 24, ಸೋಮವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಒಮಾಹಾ ಟಿಕೆಟ್ ಬಂತು. ಶನಿವಾರ ಸಂಜೆಯ ಬಸ್ಸು. ಪಕ್ಕದ ಟ್ರೇಲರ್ ಕೇಳಿಕೊಂಡು ಇವತ್ತು ಯಾರೋ ದಂಪತಿ ಬಂದಿದ್ದರು. ಮೇವಿಸ್ ಪರದೆ ಸರಿಸಿ ನೋಡಿದಳು. ಕುಂಡ ಚಿಗುರಿದೆ, ಒಯ್ಯಲು ಬಸ್ಸಿನಲ್ಲಿ ಬಿಡ್ತಾರಾ ಅಂತ ಕೇಳಿದಳು. ನನ್ನ ಪೆನ್ಶನ್ನಿನಲ್ಲಿ ಎರಡು ಟ್ರೇಲರ್ ಆಗಲ್ಲ. ಒಂದರಲ್ಲಿ ಇಬ್ಬರು ಇರೋಣ ಅಂದರೆ ಅವಳೇ ಒಪ್ಪಲ್ಲ — "ನಿನ್ ಸೋಫಾ ಮೇಲೆ ಸಾಯೋಕೆ ಇಷ್ಟ ಇಲ್ಲ ಅಕ್ಕಾ, ಸ್ಪ್ರಿಂಗ್ ಚುಚ್ಚುತ್ತೆ."

ಮಾರ್ಚ್ 27, ಗುರುವಾರ — ಕ್ಯಾಸಿನೋ ಕಾಫಿ ಶಾಪಿನಲ್ಲಿ

ಬರೀಬೇಕು. ಬರೆಯದಿದ್ದರೆ ಎದೆ ಒಡೆದುಹೋಗುತ್ತೆ. ಅಕ್ಷರ ಕುಣೀತಿದೆ, ಕುಣೀಲಿ.

ನಾನು ಎಲೆ ಬಿಟ್ಟುಕೊಟ್ಟು ಕೂತಿದ್ದೆ. ಮೇವಿಸ್ ಎರಡೂ ಎಲೆ ಎತ್ತಿ, ಎಂದಿನ ಹಾಗೆ, ಮೂಗಿನ ಮಟ್ಟಕ್ಕೆ. ತಲೆ ತಿರುಗಿಸುವುದರೊಳಗೆ ಕಂಡೇಬಿಟ್ಟಿತು. ಎರಡು ಗುಲಾಮ.

ಮೇಜಿನ ಮೇಲೆ ಮೊದಲ ಮೂರು: ಇನ್ನೊಂದು ಗುಲಾಮ, ಜೊತೆಗೆ ಸ್ಪೇಡ್ ರಾಜ, ಸ್ಪೇಡ್ ರಾಣಿ. ಎಲ್ಲರೂ ಬಿಟ್ಟರು, ಪ್ರುಯಿಟ್ ಬಿಡಲಿಲ್ಲ. ನಾಲ್ಕನೆಯದು ಸ್ಪೇಡ್ ಗುಲಾಮ. ಅಂದರೆ ಮೇವಿಸ್ ಹತ್ತಿರ ನಾಲ್ಕೂ ಗುಲಾಮ. ನನ್ನ ಕಿವಿ ಬಿಸಿಯಾಯಿತು. ಅವಳು ಏರಿಸಿದಳು, ಪ್ರುಯಿಟ್ ಏರಿಸಿದ, ಅವಳು ಮತ್ತೆ ಏರಿಸಿದಳು. ನಾಲ್ಕು ಗುಲಾಮರ ಎದುರು ಇಷ್ಟು ಏರಿಸುವ ಇವನು ಏನು ಹಿಡಿದಿದ್ದಾನೆ? ಕೊನೆಯ ಎಲೆ ಯಾವುದೋ ಕೆಲಸಕ್ಕೆ ಬಾರದ ನಾಲ್ಕು. ಮತ್ತೆ ಏರಿಸಿದ. ಮೇವಿಸ್ ದುಡ್ಡು ಕಟ್ಟಿ ತೋರಿಸಿ ಅಂದಳು.

ಪ್ರುಯಿಟ್ ತೆರೆದ. ಸ್ಪೇಡ್ ಎಕ್ಕ, ಸ್ಪೇಡ್ ಹತ್ತು. ಮೇಜಿನ ಗುಲಾಮ, ರಾಣಿ, ರಾಜನ ಜೊತೆ ಸಾಲಾಗಿ ಕೂತವು. ರಾಯಲ್, ಇದಕ್ಕಿಂತ ದೊಡ್ಡ ಕೈ ಇಲ್ಲ. ಇಷ್ಟು ವರ್ಷದ ಆಟದಲ್ಲಿ ನಾನು ಕಣ್ಣಾರೆ ನೋಡಿದ್ದು ಇದೇ ಮೊದಲು. ಮೇಜೆಲ್ಲ ಹೋ ಅಂತ ಎದ್ದಿತು.

ಮೇವಿಸ್ ಎಲೆ ತೆರೆಯಬೇಕು. ಅಷ್ಟೇ. ತೆರೆದರೆ ಅರ್ಧ ಬೋರ್ಡು ಅವಳದು. ಟ್ರೇಲರ್ ಅವಳದು, ಕುಂಡ ಅವಳದು, ಒಮಾಹಾದ ನೆಲಮಾಳಿಗೆ ಇಲಿಗಳಿಗಿರಲಿ. ನೋಡಿದರೆ — ನನ್ನ ತಂಗಿ, ನನ್ನ ಶಿಷ್ಯೆ, ಮುಖದಲ್ಲಿ ಒಂದು ಗೆರೆ ಅಲುಗದೆ "ಚೆನ್ನಾಗಿ ಆಡಿದ್ರಿ ಮಿಸ್ಟರ್ ಪ್ರುಯಿಟ್" ಅಂದಳು. ನಾಲ್ಕೂ ಗುಲಾಮರನ್ನು ಕೂಡಿಸಿದ ಆ ಎರಡು ಎಲೆ ಮುಚ್ಚಿ ಡೀಲರ್ ಕಡೆ ತಳ್ಳಿದಳು. ಗೊಣಗದೆ. ಅಳದೆ. ನಾನು ಕಲಿಸಿದ ಹಾಗೆ, ಚಾಚೂ ತಪ್ಪದೆ.

ದೊಡ್ಡ ದುಡ್ಡು ದೊಡ್ಡ ಕೈಗೆ ಹೋಗುತ್ತೆ ಅಂದುಕೊಂಡಿದ್ದಾಳೆ. ಸೋತವರಿಗೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ನಾನು. ಹೆಸರೆತ್ತಬಾರದು ಅಂತ ಬಾಯಿ ಮುಚ್ಚಿಸಿದ್ದು ಯಾರು? ನಾನೇ.

ಈಗ ಒಂದು ಮಾತು ಆಡಿದರೆ ರದ್ದು. ಆಡದಿದ್ದರೆ ಆ ಎಲೆಗಳು ರಾಶಿಗೆ. ನಾನು "ತೋರಿಸಿ" ಅಂದರೆ ಲಿಗಾಯಾ ಮುಟ್ಟಿಸಿ ಕೊಂದು ತೋರಿಸ್ತಾಳೆ, ಹೆಣ ನೋಡಿದ ಹಾಗೆ. ಬದುಕಿಸಬಲ್ಲವನು ಪ್ರಪಂಚದಲ್ಲಿ ಒಬ್ಬನೇ. ಅವನ ಬಾಯಿಗೆ ಬೀಗ ಹಾಕಿಸಿದವಳು ನಾನು.

ನಾಲಿಗೆ ಕಚ್ಚಿಕೊಂಡೆ. ನಿಜವಾಗಿ. ರಕ್ತದ ರುಚಿ ಬಂತು.

ಪ್ರುಯಿಟ್ ಚಿಪ್ಸ್ ಮುಟ್ಟಲೇ ಇಲ್ಲ. ಆ ಎರಡು ಎಲೆಗಳನ್ನೇ ನೋಡುತ್ತಿದ್ದ. ಲಿಗಾಯಾಳ ಕೈ ಅವುಗಳ ಮೇಲೆ ಇಳೀತಿತ್ತು. ಬಾಯಿ ತೆರೆದ. ಮುಚ್ಚಿದ. ನನ್ನ ಕಡೆ ತಿರುಗಿದ. "ಈಗ ಕೇಳಿದ್ರೆ ಒಂದ್ ತಿಂಗ್ಳು ಮನೇಲಿ ಕೂತ್ಕೋಬೇಕು, ಅಲ್ವಾ ಶೆರೀಫಮ್ಮ?"

ನಾನು ಕಲ್ಲಾದೆ. ತಲೆ ಅಲ್ಲಾಡಿಸಲಿಲ್ಲ, ರೆಪ್ಪೆ ಬಡಿಯಲಿಲ್ಲ. ಕೇಳೋ ಪುಣ್ಯಾತ್ಮಾ, ಕೇಳೋ, ಅಂತ ಒಳಗೆ ಬಡಿದುಕೊಳ್ತಾ ಇದ್ದೆ. ಜನ್ಮದಲ್ಲಿ ಯಾರನ್ನೂ ಹಾಗೆ ಬೇಡಿಲ್ಲ.

"ಹೋದ್ರೆ ಹೋಗ್ಲಿ ತಿಂಗ್ಳು" ಅಂದ ಪ್ರುಯಿಟ್. "ತೋರಿಸಿ ನೋಡೋಣ."

ಲಿಗಾಯಾ ತಿರುಗಿಸಿದಳು. ಗುಲಾಮ, ಗುಲಾಮ.

ಆಮೇಲೆ ಏನಾಯಿತು ಅಂತ ಸರಿಯಾಗಿ ನೆನಪಿಲ್ಲ. ಯಾರೋ ನನ್ನನ್ನು ಎತ್ತಿ ಕುಣಿಸಿದರು. ಮೇವಿಸ್ ಮಾತ್ರ ಕೂತೇ ಇದ್ದಳು — "ಅಕ್ಕಾ, ನಾನೇನ್ ತಪ್ಪು ಮಾಡ್ದೆ?"

ಅದೇ ದಿನ, ಸಂಜೆ

ತಪ್ಪು ಅವಳದಲ್ಲ, ನನ್ನದಾಗಬಹುದು.

ಬೋರ್ಡಿನ ದೀಪ ಮಿನುಗಿತು, ಟೆಸ್ಫಾಯೆ ಇಬ್ಬರ ಎಲೆಗಳಿಗೂ ಗಾಜು ಮುಚ್ಚಿಟ್ಟ. ಎಲ್ಲರೂ ಕಾದೆವು. ಮೇಲಿನ ಆಫೀಸಿನಿಂದ ಕೋಟು ಹಾಕಿದ ಹೆಂಗಸು ಇಳಿದು ಬಂದಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ — "ಈ ಸರ್‌ಗೆ ಕುತೂಹಲಕ್ಕೆ ಕೇಳಬೇಡಿ ಅಂತ ಫ್ಲೋರ್ ಆಗಲೇ ಹೇಳಿದ್ರಲ್ಲ?" ಹಾಗಾದರೆ ಅವನು ಕೇಳಿದ್ದು ಕೇಳಿದ್ದೇ ಅಲ್ಲವಂತೆ. ಆ ಕೈ ಆಗಲೇ ಸತ್ತಿತ್ತಂತೆ, ಜ್ಯಾಕ್‌ಪಾಟು ಇಲ್ಲವಂತೆ. ಟೆಸ್ಫಾಯೆ ಮುಖ ಬೂದಿ. ನಾಳೆ ವಿಚಾರಣೆ.

ಲಿಗಾಯಾ ನನ್ನ ಭುಜ ಮುಟ್ಟಿ, "ಆಂಟಿ, ನೀವ್ ಅವತ್ತು ಕಂಪ್ಲೇಂಟ್ ಮಾಡದೇ ಇದ್ದಿದ್ರೆ..." ಅಂತ ಶುರುಮಾಡಿ ನಿಲ್ಲಿಸಿದಳು. ಗೊತ್ತು ತಾಯಿ, ನಂಗೂ ಗೊತ್ತು.

ಮಾರ್ಚ್ 28, ಶುಕ್ರವಾರ

ಮೇಲಿನ ಕೋಣೆ. ತಣ್ಣಗೆ. ಕೋಟಿನ ಹೆಂಗಸು, ಟೆಸ್ಫಾಯೆ, ನಾವು ಮೂವರು.

ಮೊದಲು ಪ್ರುಯಿಟ್. "ನಿಮಗೆ ಸಂಶಯ ಇತ್ತಾ ಸರ್? ಅಕ್ಕ ತಂಗಿ ಪಕ್ಕ ಪಕ್ಕ ಕೂತಿದ್ರು, ಏನೋ ಮಸಲತ್ತು ಅಂತ?" ಹೂಂ ಅಂದರೆ ಸಾಕು. ಅವನು ಕೇಳಿದ್ದು ಸರಿಯಾಗುತ್ತೆ, ಅವನ ಪಾಲು ಅವನಿಗೆ ಸಿಗುತ್ತೆ. ನಮ್ಮಿಬ್ಬರ ಮೇಲೆ ಮಾತ್ರ ಕಳ್ಳಿಯರೆಂಬ ಮುದ್ರೆ. ನಾನು ಕುರ್ಚಿ ಹಿಡಿದುಕೊಂಡೆ.

"ಸಂಶಯ ಎಂಥದ್ದೂ ಇಲ್ಲ ಮೇಡಂ" ಅಂದ. "ಆ ಯಮ್ಮ ಏನ್ ಹಿಡ್ಕೊಂಡು ಅಷ್ಟು ಧೈರ್ಯ ಮಾಡಿದ್ಲು ಅಂತ ತಿಳ್ಕೋಬೇಕಿತ್ತು. ತಿಳೀದೆ ಹೋದ್ರೆ ನಂಗೆ ನಿದ್ದೆ ಬರಲ್ಲ. ಲಿಫ್ಟ್ ಆದ್ರೂ ಅಷ್ಟೇ, ಮುಚ್ಚಳ ತೆಗೆದು ನೋಡೋನೇ ನಾನು."

ಕಣ್ಣಲ್ಲಿ ನೀರು ಬಂತು ನಂಗೆ. ಆ ಒರಟನ ಮೇಲೆ ಪ್ರೀತಿ ಉಕ್ಕಿಬಿಟ್ಟಿತು, ಇದ್ದದ್ದನ್ನೇ ಬರೀತಿದ್ದೇನೆ.

ನನ್ನ ಸರದಿ. ನಿಂತುಕೊಂಡೇ ಹೇಳಿದೆ. "ನಿಮ್ ಗೋಡೆ ಮೇಲಿರೋ ನಿಯಮ ಓದಿ. ಆಟಗಾರರು ಎಲೆ ಕೇಳಬಹುದು ಅಂತಿದೆ. ಸಂಶಯ ಇದ್ರೆ ಮಾತ್ರ ಅಂತ ಅಲ್ಲಿಲ್ಲ. ಅದು ನನ್ ಬಾಯಿಂದ ಬಂದಿದ್ದು. ಮೂರು, ಏಳು ಹಿಡ್ಕೊಂಡು ಸಿಕ್ಕಿಬಿದ್ದೆ, ಅವಮಾನ ಆಯ್ತು, ಹೋಗಿ ಟೆಸ್ಫಾಯೆ ತಲೆ ತಿಂದೆ. ಬೆಳಗಿನವರೆಲ್ಲ ಬಿಟ್ಟು ಹೋಗ್ತೀವಿ ಅಂತ ಸುಳ್ಳು ಬೆದರಿಸಿದೆ. ಪಾಪ, ಅವನೇನ್ ಮಾಡ್ತಾನೆ. ಆ ದಿನ ಪ್ರುಯಿಟ್ ಮಾಡಿದ್ದು ಸರಿ, ನಿನ್ನೆ ಮಾಡಿದ್ದೂ ಸರಿ. ಕೆಟ್ಟ ನಡತೆ, ಆದ್ರೆ ಸರಿ."

"ನಿಮ್ಮ ತಂಗಿಯ ಎಲೆ ನೀವು ನೋಡಿದ್ರಾ?"

ಇಲ್ಲ ಅನ್ನಬಹುದಿತ್ತು. ಕ್ಯಾಮೆರಾಗೆ ನನ್ನ ಕಣ್ಣು ಕಂಡಿರಲ್ಲ. "ನೋಡಿದೆ" ಅಂದೆ. "ಎಷ್ಟು ಬಡ್ಕೊಂಡ್ರೂ ಎತ್ತೆತ್ತಿ ನೋಡ್ತಾಳೆ."

"ಏನಾದ್ರೂ ಹೇಳಿದ್ರಾ ಅವರಿಗೆ?"

"ಹೇಳಿದ್ರೆ ನಾಲಿಗೆ ಹೀಗಾಗ್ತಿರಲಿಲ್ಲ."

"ತೋರಿಸಿ ನೋಡೋಣ" ಅಂದ ಪ್ರುಯಿಟ್, ಹಿಂದಿನಿಂದ.

ಕೋಟಿನ ಹೆಂಗಸಿಗೆ ನಾಲಿಗೆ ಚಾಚಿ ತೋರಿಸಿದೆ. ಕಚ್ಚಿದ ಗಾಯ ಇನ್ನೂ ಊದಿತ್ತು. ಅವಳು ಬಗ್ಗಿ ನೋಡಿದಳು. ನಗಲಿಲ್ಲ. ಕ್ಯಾಮೆರಾ ಚಿತ್ರ ಇನ್ನೊಮ್ಮೆ ನೋಡಿ ಫೋನ್ ಮಾಡ್ತೀವಿ ಅಂದಳು.

ಮಾರ್ಚ್ 29, ಶನಿವಾರ — ಮಧ್ಯಾಹ್ನ

ಬಾಗಿಲ ಬಳಿ ಮೇವಿಸ್‌ಳ ಚೀಲ. ಸಂಜೆ ಬಸ್ಸು. ಫೋನಿಲ್ಲ. ಎರಡು ಸಲ ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿದೆ, ಸರಿಯಾಗೇ ಇದೆ.

ಬೆಳಿಗ್ಗೆ ಆ ದಂಪತಿ ಮತ್ತೆ ಬಂದು ಟ್ರೇಲರ್ ಅಳೆದು ಹೋದರು. ಮೇವಿಸ್ ಬಸ್ಸಿಗೆ ಸ್ಯಾಂಡ್‌ವಿಚ್ ಕಟ್ಟುತ್ತಿದ್ದಾಳೆ. ನನಗೂ ಒಂದು ಮಾಡಿಟ್ಟಿದ್ದಾಳೆ, ಗಾಯಕ್ಕೆ ಚುಚ್ಚಬಾರದು ಅಂತ ಬ್ರೆಡ್ಡಿನ ಅಂಚು ತೆಗೆದು.

ಫೋನ್.

ಅವಳೇ ಎತ್ತಿದಳು. ನನಗೆ ಏಳಲಾಗುತ್ತಿಲ್ಲ, ಬರೀತಾ ಇರ್ತೀನಿ. "ಹೂಂ" ಅಂತಾಳೆ. "ಹೂಂ. ಸರಿ. ಮಿಸ್ಟರ್ ಪ್ರುಯಿಟ್‌ಗೂ ಹೇಳಿದ್ರಾ? ಹೂಂ." ಮುಖ ನೋಡ್ತಾ ಇದೀನಿ. ಏನೂ ಇಲ್ಲ ಮುಖದಲ್ಲಿ. ಒಂದು ಗೆರೆ ಇಲ್ಲ. ನಾನೇ ಕಲಿಸಿದ್ದು, ಹಾಳಾಗಿ ಹೋಗಲಿ.

ಇಟ್ಟಳು. ಸ್ಯಾಂಡ್‌ವಿಚ್ ಕಡೆ ತಿರುಗಿದಳು. ಚಾಕು ತೊಳೆದಳು.

"ಏನಂದ್ರೇ?" ಅಂದೆ. ಚಾಕು ಒರೆಸಿದಳು. "ಏನಂದ್ರು ಹೇಳೇ ಮಾರಾಯ್ತಿ."

"ಸಂಶಯ ಇದ್ರೆ ಮಾತ್ರ ಕೇಳಬೇಕು ಅಕ್ಕಾ" ಅಂತಾಳೆ. "ಸುಮ್ನೆ ಕುತೂಹಲಕ್ಕೆ ಕೇಳೋ ಹಾಗಿಲ್ಲ."

ಬಾಗಿಲ ಹತ್ತಿರ ಹೋದಳು. ಬಗ್ಗಿ ಚೀಲದ ಜಿಪ್ ಎಳೆದಳು. ಮನೆ ಚಪ್ಪಲಿ ಹೊರಗೆ ತೆಗೆದು, ಕಾಲಿಗೆ ಹಾಕಿಕೊಂಡು, ನೀರಿನ ಜಗ್ ಹಿಡಿದು ಪಕ್ಕದ ಮೆಟ್ಟಿಲ ಕಡೆ ಹೊರಟಳು, ಆ ಕುಂಡಕ್ಕೆ. ಗೆದ್ದ ಕೈ ಇಟ್ಟುಕೊಂಡು ಸತಾಯಿಸುತ್ತಾಳೆ ನನ್ನನ್ನ, ಸ್ವಂತ ಅಕ್ಕನನ್ನ — ಇದಕ್ಕೆ ಫ್ಲೋರ್ ಕರೀದೆ ಬಿಟ್ಟರೆ ನಾನು ಶೆರೀಫಮ್ಮನೇ ಅಲ್ಲ.